ಚಾವಟಿಯ ವೇಗ, ಬಾವಲಿಯ ಕೂಗು

ಎರಡು ವರ್ಷದ ಹಿಂದೆ ಸಂತೆಯಲ್ಲಿ ಒಬ್ಬಾತ ಇಲಿ ಓಡಿಸುವ ಕರೆಂಟಿನ ಪೆಟ್ಟಿಗೆ ಮಾರುತ್ತಿದ್ದ. "ಯಜಮಾನ್ರೇ, ಇದರ ಸದ್ದು ಶಬ್ದಕ್ಕಿಂತ ಜೋರಾಗಿ ಓಡ್ತದೆ, ನಿಮಗೆ ಕೇಳಲ್ಲ, ಇಲಿ ಮನೆ ಬಿಡ್ತದೆ" ಅಂದ. ನಾನೂ ಕೊಂಡೆ. ಬಿತ್ತನೆ ಶೇಂಗಾ ಚೀಲದ ಪಕ್ಕ ಹಚ್ಚಿಟ್ಟೆ. ಒಂದು ವಾರ ಇಲಿ ಕಾಣಲಿಲ್ಲ. ತಿಂಗಳಾಗುವಷ್ಟರಲ್ಲಿ ಎರಡು ಚೀಲ ತೂತು. ಆಮೇಲೆ ಮಗಳ ಹೈಸ್ಕೂಲು ಪುಸ್ತಕ ಓದಿಸಿ ಕೇಳಿದಾಗ ಗೊತ್ತಾಯಿತು, ಆತ ಎರಡು ಬೇರೆ ಸಂಗತಿಗಳನ್ನು ಒಂದೇ ಚೀಲಕ್ಕೆ ತುಂಬಿದ್ದ.

ಒಂದು, ವೇಗ

ಗಾಳಿಯಲ್ಲಿ ಶಬ್ದ ಸೆಕೆಂಡಿಗೆ ಸುಮಾರು 340 ಮೀಟರ್ ಓಡುತ್ತದೆ. ಮಿಂಚು ಕಂಡ 3 ಸೆಕೆಂಡಿಗೆ ಗುಡುಗು ಕೇಳಿದರೆ ಸಿಡಿಲು ಸುಮಾರು ಒಂದು ಕಿಲೋಮೀಟರ್ ದೂರದಲ್ಲಿದೆ ಅಂತ ಲೆಕ್ಕ. ಇದನ್ನು ಮೀರಿದ್ದು ಶಬ್ದಾತೀತ ವೇಗ. ಆಗ ಎದುರಿನ ಗಾಳಿಗೆ ಸರಿಯಲು ಪುರುಸೊತ್ತಿಲ್ಲ. ಒತ್ತಿಕೊಂಡು ಢಂ ಅನ್ನುತ್ತದೆ. ಅಮೆರಿಕದ ಚಕ್ ಯೇಗರ್ 1947ರ ಅಕ್ಟೋಬರ್ 14ರಂದು ವಿಮಾನದಲ್ಲಿ ಈ ವೇಗ ದಾಟಿದರು. ಉದ್ದನೆ ಚಾವಟಿಯನ್ನು ಗಾಳಿಯಲ್ಲಿ ಬೀಸಿ ಎಳೆದಾಗ ಬರುವ 'ಛಟೀರ್' ಕೂಡ ಇದೇ. ತುದಿಗೆ ಹೋದಂತೆ ಬಾರು ಸಣ್ಣದಾಗಿ, ವೇಗ ಏರಿ ಶಬ್ದವನ್ನೇ ಹಿಂದೆ ಹಾಕುತ್ತದೆ.

ಎರಡು, ಕಂಪನ

ನಮ್ಮ ಕಿವಿಗೆ ಕೇಳುವುದು ಸೆಕೆಂಡಿಗೆ 20ರಿಂದ 20,000 ಕಂಪನದವರೆಗೆ. ವಯಸ್ಸಾದಂತೆ ಮೇಲಿನ ಮಿತಿ ಇಳಿಯುತ್ತದೆ. 20,000 ದಾಟಿದ್ದು ಶ್ರವಣಾತೀತ ಶಬ್ದ. ಅದು ಕೇಳಿಸದು ಅಷ್ಟೆ, ಓಡುವುದು ಅದೇ 340 ಮೀಟರ್ ವೇಗದಲ್ಲಿ! ಹುಳ ತಿನ್ನುವ ಬಾವಲಿಗಳು ಇಂಥ ಕೂಗು ಹಾಕಿ, ಮರುದನಿ ಕೇಳಿ ಕತ್ತಲಲ್ಲಿ ಪತಂಗ ಹಿಡಿಯುತ್ತವೆ. ಈ ಕೂಗನ್ನು 1938ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ಡೊನಾಲ್ಡ್ ಗ್ರಿಫಿನ್ ಯಂತ್ರದಿಂದ ಪತ್ತೆಮಾಡಿದರು.

ಪೆಟ್ಟಿಗೆ ಸೋತದ್ದೇಕೆ?

ಶ್ರವಣಾತೀತ ಶಬ್ದ ಗಾಳಿಯಲ್ಲಿ ಬಹುದೂರ ಹೋಗದು. ಗೋಡೆ, ಚೀಲ ಅಡ್ಡ ಬಂದರೆ ಅಲ್ಲೇ ನಿಂತಿತು. ಮೇಲಾಗಿ ಇಲಿಗಳು ತಮ್ಮತಮ್ಮಲ್ಲೇ ಇಂಥ ದನಿಯಲ್ಲಿ ಮಾತಾಡುತ್ತವೆ! ಮೊದಲು ಹೊಸ ಸದ್ದಿಗೆ ಬೆದರಿ, ಆಮೇಲೆ ರೂಢಿ ಮಾಡಿಕೊಳ್ಳುತ್ತವೆ. 2001ರಲ್ಲಿ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಇಂಥ ಪೆಟ್ಟಿಗೆ ಮಾಡುವ, ಮಾರುವ ಅರವತ್ತಕ್ಕೂ ಹೆಚ್ಚು ಮಂದಿಗೆ, ಪುರಾವೆ ಇಲ್ಲದೆ ಹೇಳಿಕೊಳ್ಳಬೇಡಿ ಎಂದು ಎಚ್ಚರಿಕೆ ಪತ್ರ ಬರೆದಿತ್ತು.

ಈಗ ನನ್ನ ಬಿತ್ತನೆ ಶೇಂಗಾ ಮುಚ್ಚಳ ಬಿಗಿಯಾದ ತಗಡಿನ ಡ್ರಮ್ಮಿನಲ್ಲಿದೆ. ಚೆನ್ನಾಗಿ ಒಣಗಿಸಿಯೇ ತುಂಬುತ್ತೇನೆ. ಹಾಳು ಬಾವಿಯ ಬಾವಲಿಗಳಿಗೆ ಹೊಗೆ ಹಾಕುವುದನ್ನೂ ಬಿಟ್ಟೆ. ನಿಮ್ಮೂರಿಗೂ ಪೆಟ್ಟಿಗೆಯವನು ಬಂದರೆ ಕೇಳಿ: "ವೇಗದ ಮಾತೋ, ಕಂಪನದ ಮಾತೋ?"