ಪ್ರಾಂಪ್ಟ್‌ನಲ್ಲಿ ಓಡಿದ್ದು ಫೈಲ್‌ನಲ್ಲಿ ಏಕೆ ಓಡದು?

ಲಿಸ್ಪ್ ಬಳಗದ ರ‍್ಯಾಕೆಟ್‌ಗೆ (2010ರವರೆಗೆ ಅದು ಪಿಎಲ್‌ಟಿ ಸ್ಕೀಮ್) ಹೊಸದಾಗಿ ಬಂದವರ ತಲೆನೋವುಗಳಲ್ಲಿ ಹೆಚ್ಚಿನವು ಹುಟ್ಟುವುದು ಒಂದೇ ಜಾಗದಲ್ಲಿ: ಪ್ರಾಂಪ್ಟ್ ಮತ್ತು ಮಾಡ್ಯೂಲ್ (ಅಂದರೆ ಫೈಲಿನಲ್ಲಿ ಬರೆದಿಟ್ಟ ಕೋಡ್) ಎರಡೂ ಒಂದೇ ಎಂದುಕೊಳ್ಳುವುದರಲ್ಲಿ.

1. ಪ್ರಾಂಪ್ಟ್‌ಗೆ ಮುಂದಿನ ಸಾಲು ಗೊತ್ತಿಲ್ಲ. ಕೊಟ್ಟ ಫಾರ್ಮ್ ಓದಿ, ಮ್ಯಾಕ್ರೋ ಬಿಡಿಸಿ, ಕಂಪೈಲ್ ಮಾಡಿ, ಓಡಿಸಿದ ಮೇಲೇ ಅದು ಮುಂದಿನದನ್ನು ನೋಡುವುದು. ಮಾಡ್ಯೂಲ್ ಆದರೆ ಮೊದಲು ಫೈಲಿನ ಉದ್ದಕ್ಕೂ ಒಂದು ಸುತ್ತು ಹಾಕಿ, ಯಾವ ಹೆಸರು ಮ್ಯಾಕ್ರೋ, ಯಾವುದು ವೇರಿಯಬಲ್ ಎಂದು ಗುರುತು ಹಾಕಿಕೊಂಡು, ಆಮೇಲಷ್ಟೇ ಫಂಕ್ಷನ್‌ಗಳ ಒಳಗೆ ಇಳಿಯುತ್ತದೆ.

2. ಆದ್ದರಿಂದ ಮ್ಯಾಕ್ರೋ ಬಂದ ಕಡೆ ಜಗಳ. ‘ಅದಲುಬದಲು’ ಎಂಬ ಮ್ಯಾಕ್ರೋ ಬಳಸುವ ‘ವಿಂಗಡಿಸು’ ಫಂಕ್ಷನ್ ಇದೆ ಎನ್ನಿ (ರ‍್ಯಾಕೆಟ್‌ನಲ್ಲಿ ಹೆಸರುಗಳು ಕನ್ನಡದಲ್ಲೇ ಇರಬಹುದು, ಯಾರೂ ಇಡುವುದಿಲ್ಲ ಅಷ್ಟೆ). ಪ್ರಾಂಪ್ಟ್‌ನಲ್ಲಿ ಫಂಕ್ಷನ್ ಮೊದಲು, ಮ್ಯಾಕ್ರೋ ಆಮೇಲೆ ಕೊಟ್ಟು ನೋಡಿ. ಎರಡೂ ಸುಮ್ಮನೆ ಸ್ವೀಕಾರವಾಗುತ್ತವೆ. ಫಂಕ್ಷನ್ ಕರೆದಾಗ ಮಾತ್ರ, ‘ಅದಲುಬದಲು’ ಡಿಫೈನ್ ಆಗಿಲ್ಲ ಎಂಬ ಎರರ್! ಮೊದಲ ಸಾಲು ಕಂಪೈಲ್ ಆಗುವಾಗ ಆ ಹೆಸರನ್ನು ಮಾಮೂಲಿ ಫಂಕ್ಷನ್ ಕರೆ ಎಂದೇ ಬಗೆದದ್ದಾಯಿತು. ಮ್ಯಾಕ್ರೋ ತಡವಾಗಿ ಬಂದರೆ ಹಳೆಯ ಕೋಡ್ ತಾನಾಗಿ ಬದಲಾಗುವುದಿಲ್ಲ. ‘ವಿಂಗಡಿಸು’ವನ್ನು ಮತ್ತೊಮ್ಮೆ ಡಿಫೈನ್ ಮಾಡಬೇಕು. ಇವೇ ಸಾಲುಗಳು ಇದೇ ಕ್ರಮದಲ್ಲಿ ಮಾಡ್ಯೂಲ್‌ನಲ್ಲಿದ್ದರೆ ತಕರಾರಿಲ್ಲ. ‘ಟಾಪ್ ಲೆವೆಲ್ ಈಸ್ ಹೋಪ್‌ಲೆಸ್’ (ಟಾಪ್ ಲೆವೆಲ್ ಎಂದರೆ ಈ ಪ್ರಾಂಪ್ಟೇ) ಎಂಬ ಮಾತು ರ‍್ಯಾಕೆಟ್ ಕಟ್ಟಿದವರ ನಡುವೆಯೇ ಚಾಲ್ತಿಯಲ್ಲಿದೆ.

3. ಕಾಗುಣಿತ ತಪ್ಪಿದ ಹೆಸರನ್ನು ಮಾಡ್ಯೂಲ್ ಒಂದು ಸಾಲೂ ಓಡುವ ಮುಂಚೆಯೇ ಹಿಡಿಯುತ್ತದೆ. ಪ್ರಾಂಪ್ಟ್ ಹಿಡಿಯುವುದು ಆ ಫಂಕ್ಷನ್ ಕರೆದ ದಿನ.

4. ಆಮದು ಮಾಡಿಕೊಂಡ ವೇರಿಯಬಲ್‌ಗೆ ಹೊರಗಿನಿಂದ ‘ಸೆಟ್’ ಮಾಡಲು ಬಿಡುವುದಿಲ್ಲ. ಕಿರಿಕಿರಿ ಎನಿಸಬಹುದು, ಆದರೆ ತನ್ನ ಮಾಡ್ಯೂಲ್‌ನಲ್ಲೂ ಬದಲಾಗದ ಹೆಸರನ್ನು ಕಂಪೈಲರ್ ಸ್ಥಿರವೆಂದು ನಂಬಿ ಇನ್‌ಲೈನ್ ಮಾಡಬಲ್ಲದು. ಬದಲಿಸಲೇಬೇಕಿದ್ದರೆ ಬದಲಿಸುವ ಫಂಕ್ಷನ್ ಒಂದನ್ನು ಬರೆದು ‘ಪ್ರೊವೈಡ್’ ಮಾಡಿ.

5. ‘ಇವಾಲ್’ ಬಗ್ಗೆ ಎಚ್ಚರ. ಒಂದು, ಎರಡನ್ನು ಕೂಡಿಸುವ ಲಿಸ್ಟನ್ನು ಪ್ರಾಂಪ್ಟ್‌ನಲ್ಲಿ ಇವಾಲ್‌ಗೆ ಕೊಟ್ಟರೆ 3 ಬರುತ್ತದೆ. ಅದೇ ಸಾಲನ್ನು ಫೈಲಿಗೆ ಹಾಕಿ ಕಮಾಂಡ್ ಲೈನ್‌ನಿಂದ ಓಡಿಸಿದರೆ ಎರರ್, ಅದರಲ್ಲಿ ‘ಆ್ಯಪ್’ ಎಂಬ, ನೀವು ಬರೆದೇ ಇಲ್ಲದ ಹೆಸರೂ ಕಾಣುತ್ತದೆ. ಇವಾಲ್‌ಗೆ ಸಿಗುವುದು ಬರೀ ಲಿಸ್ಟ್. ಅದರ ಹೆಸರುಗಳಿಗೆ ಅರ್ಥ ಹುಡುಕುವುದು ಆ ಹೊತ್ತಿನ ನೇಮ್‌ಸ್ಪೇಸ್‌ನಲ್ಲಿ. ಪ್ರೋಗ್ರಾಮ್ ಓಡುವಾಗ ಅದು ಖಾಲಿ. ಫಂಕ್ಷನ್ ಕರೆಯುವುದೂ ಒಳಗೊಳಗೆ ಒಂದು ಹೆಸರಿನ ಕೆಲಸವೇ ಆದ್ದರಿಂದ ಅದೂ ಅಲ್ಲಿ ಸಿಗುವುದಿಲ್ಲ. ಮಾಡ್ಯೂಲ್‌ನಲ್ಲಿ ನೇಮ್‌ಸ್ಪೇಸ್ ಆ್ಯಂಕರ್ ಇಟ್ಟು, ಅದರಿಂದ ಪಡೆದ ನೇಮ್‌ಸ್ಪೇಸನ್ನು ಇವಾಲ್‌ಗೆ ಎರಡನೆಯ ಆರ್ಗ್ಯುಮೆಂಟಾಗಿ ಕೊಟ್ಟರೆ ಸರಿಹೋಗುತ್ತದೆ. ನನ್ನ ಕೇಳಿದರೆ, ಇವಾಲ್ ಬೇಕೆನಿಸುವ ಬಹುತೇಕ ಕಡೆ ಹೆಸರಿನಿಂದ ಫಂಕ್ಷನ್‌ಗೆ ಕೊಂಡಿ ಹಾಕುವ ಹ್ಯಾಶ್ ಟೇಬಲ್ ಸಾಕು.

6. ಮ್ಯಾಕ್ರೋ ಬಿಡಿಸುವ ಹೊತ್ತಿಗೆ ಬೇಕಾದ ಸಹಾಯಕ ಫಂಕ್ಷನ್‌ಗಳನ್ನು ‘ಫಾರ್-ಸಿಂಟ್ಯಾಕ್ಸ್’ ಎಂದು ಬೇರೆಯಾಗಿಯೇ ತರಬೇಕು. ಕಂಪೈಲ್ ಹೊತ್ತಿನ ಲೋಕ, ಓಡುವ ಹೊತ್ತಿನ ಲೋಕ ಬೆರೆಯದಂತೆ ಮಾಡುವ ಈ ಕಟ್ಟುಪಾಡನ್ನು ಮ್ಯಾಥ್ಯೂ ಫ್ಲಾಟ್ 2002ರ ಪ್ರಬಂಧದಲ್ಲಿ ವಿವರಿಸಿದ್ದಾರೆ.

7. ಪ್ರಾಂಪ್ಟ್ ಬಿಡಬೇಕಿಲ್ಲ. ರ‍್ಯಾಕೆಟ್‌ನದೇ ಎಡಿಟರ್ ಆದ ಡಾಕ್ಟರ್ ರ‍್ಯಾಕೆಟ್‌ನಲ್ಲಿ ‘ರನ್’ ಒತ್ತಿದಾಗಲೆಲ್ಲ ಹಳೆಯ ಡೆಫಿನಿಷನ್‌ಗಳು ಅಳಿಸಿಹೋಗಿ ಫೈಲಿನಲ್ಲಿದ್ದಷ್ಟೇ ಉಳಿಯುತ್ತದೆ. ಪ್ರಾಂಪ್ಟ್‌ನಲ್ಲಿ ಮಾಡಿನೋಡಿದ ಪ್ರಯೋಗ ಉಳಿಸಿಕೊಳ್ಳುವಂತಿದ್ದರೆ ಅದನ್ನು ಅದೇ ಫೈಲಿನ ‘ಟೆಸ್ಟ್’ ಸಬ್‌ಮಾಡ್ಯೂಲ್‌ಗೆ ಸೇರಿಸಿ. ‘ರಾಕೊ ಟೆಸ್ಟ್’ ಕಮಾಂಡ್ ಅದನ್ನು ಹುಡುಕಿ ಓಡಿಸುತ್ತದೆ.