ಮಣ್ಣಿಲ್ಲದ ಸೊಪ್ಪಿನ ಮಡಿ

ಗಿಡವನ್ನು ಬೆಳೆಸುವುದು ಮಣ್ಣೋ ನೀರೋ? ಬಹುಕಾಲ ವಿದ್ವಾಂಸರನ್ನು ಕಾಡಿದ ಪ್ರಶ್ನೆಯಿದು. ಹದಿನೇಳನೆಯ ಶತಮಾನದ ಕೊನೆಯಲ್ಲಿ ಇಂಗ್ಲೆಂಡಿನ ಜಾನ್ ವುಡ್‌ವರ್ಡ್ ಎಂಬಾತನು ಪುದೀನ ಜಾತಿಯ ಸಸಿಗಳನ್ನು ತೂಗಿ, ಬಗೆಬಗೆಯ ನೀರನ್ನು ತುಂಬಿದ ಗಾಜಿನ ಪಾತ್ರೆಗಳಲ್ಲಿ ನೆಟ್ಟನು. 77 ದಿನಗಳ ಬಳಿಕ ಮಳೆಯ ನೀರಿನ ಸಸಿಯ ತೂಕ 17½ ಗ್ರೇನುಗಳಷ್ಟು ಹೆಚ್ಚಿದ್ದರೆ, ಥೇಮ್ಸ್ ನದಿಯ ನೀರಿನದು 26 ಗ್ರೇನುಗಳಷ್ಟು ಹೆಚ್ಚಿತ್ತು. (ಗ್ರೇನು ಎಂಬುದು ಸುಮಾರು 65 ಮಿಲಿಗ್ರಾಂ ತೂಕದ ಅಳತೆ.) ಮತ್ತೊಂದು ಪ್ರಯೋಗದಲ್ಲಿ ತೋಟದ ಮಣ್ಣನ್ನು ಬೆರೆಸಿದ ನೀರು ಇನ್ನೂ ಹೆಚ್ಚು ಫಲ ಕೊಟ್ಟಿತು. ತಿಳಿನೀರಿಗಿಂತ ಕದಡಿದ ನೀರೇ ಗಿಡಕ್ಕೆ ಹಿತವೆನಿಸಿತ್ತು!

ಆ ಕದಡಿನಲ್ಲಿ ಗಿಡಕ್ಕೆ ಬೇಕಾದುದು ಯಾವುದು? 1860ರ ಸುಮಾರಿಗೆ ಜರ್ಮನಿಯ ಸಾಕ್ಸ್ ಮತ್ತು ಕ್ನಾಪ್ ಎಂಬ ವಿಜ್ಞಾನಿಗಳು ಕೆಲವೇ ಲವಣಗಳನ್ನು ನೀರಿನಲ್ಲಿ ಕರಗಿಸಿ, ಮಣ್ಣಿನ ಸೋಂಕಿಲ್ಲದೆ ಸಸ್ಯಗಳನ್ನು ಬೆಳೆಸಿ ತೋರಿಸಿದರು. 1938ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಹೋಗ್ಲಂಡ್ ಮತ್ತು ಆರ್ನನ್ ಪ್ರಕಟಿಸಿದ ಪೋಷಕ ದ್ರಾವಣದ ಸೂತ್ರವು ಇಂದಿಗೂ ಬಳಕೆಯಲ್ಲಿದೆ. ಇದರಲ್ಲಿ ಒಂದು ಲೀಟರು ನೀರಿಗೆ ಎಲ್ಲ ಲವಣಗಳೂ ಕೂಡಿ ಸುಮಾರು ಎರಡು ಗ್ರಾಂ ಮಾತ್ರ. ಲೆಟ್ಯೂಸ್‌ನಂತಹ ಸೊಪ್ಪಿಗೆ ಇದರ ಅರ್ಧದಷ್ಟಾದರೂ ಸಾಕಾಗುತ್ತದೆ.

ಹೆಚ್ಚು ಉಣಿಸಿದರೆ ಹೆಚ್ಚು ಬೆಳೆದೀತು ಎಂಬ ಎಣಿಕೆ ಇಲ್ಲಿ ಸಲ್ಲದು. ದ್ರಾವಣವು ಅತಿಯಾಗಿ ಗಾಢವಾದರೆ ಬೇರು ನೀರನ್ನು ಹೀರಲಾರದೆ, ನೀರಿನಲ್ಲಿ ನಿಂತ ಗಿಡವೇ ಬಾಡುತ್ತದೆ. ದ್ರಾವಣದ ಪಿಎಚ್ ಮೌಲ್ಯವು 5.5ರಿಂದ 6.5ರವರೆಗೆ ಇರುವುದು ಲೇಸು. ಅದು ಬಹಳ ಏರಿದರೆ ಕಬ್ಬಿಣವು ಕರಗಿರಲಾರದೆ ತಳಕ್ಕಿಳಿಯುತ್ತದೆ. ಆಗ ಎಳೆಯ ಎಲೆಗಳ ನರಗಳಷ್ಟೇ ಹಸುರಾಗಿ ಉಳಿದು ಮಿಕ್ಕ ಭಾಗ ಹಳದಿಯಾಗುತ್ತದೆ. ಬೇರು ಉಸಿರಾಡಲು ನೀರಿಗೆ ಗಾಳಿಯನ್ನೂ ಊದಬೇಕು.

ಕ್ಯಾಲ್ಸಿಯಂನ ಸ್ವಭಾವ ವಿಚಿತ್ರವಾದುದು. ಅದು ಮುಖ್ಯವಾಗಿ ಎಲೆಯಿಂದ ಆವಿಯಾಗುವ ನೀರಿನ ಸೆಳೆತದೊಡನೆ ಮೇಲಕ್ಕೆ ಸಾಗುತ್ತದೆ. ಲೆಟ್ಯೂಸ್‌ನ ಒಳಗಿನ ಎಳೆಯ ಎಲೆಗಳು ಒತ್ತೊತ್ತಾಗಿ ಮುಚ್ಚಿಕೊಂಡಿರುವುದರಿಂದ ಅಲ್ಲಿ ಆವಿಯಾಗುವುದು ಅಲ್ಪ. ಆದುದರಿಂದ ದ್ರಾವಣದಲ್ಲಿ ಕ್ಯಾಲ್ಸಿಯಂ ಸಾಕಷ್ಟಿದ್ದರೂ ಆ ಎಲೆಗಳ ಅಂಚು ಸುಟ್ಟಂತೆ ಕಂದಾಗುತ್ತದೆ. ಇದಕ್ಕೆ ಲವಣವನ್ನು ಇನ್ನಷ್ಟು ಸುರಿಯುವುದಕ್ಕಿಂತ ಗಾಳಿಯಾಡುವಂತೆ ಮಾಡುವುದೇ ಮೇಲು.

ಕಣ್ಣಿಗೆ ಕಾಣುವ ದೋಷಕ್ಕಿಂತ ಕಾಣದ ದೋಷವೇ ಗಹನವಾದುದು. ಸೊಪ್ಪನ್ನು ಹಚ್ಚಹಸುರಾಗಿ ಹರಡುವಂತೆ ಮಾಡುವುದು ಸಾರಜನಕ. ಬೇರು ಅದನ್ನು ಹೆಚ್ಚಾಗಿ ನೈಟ್ರೇಟ್ ರೂಪದಲ್ಲಿ ಹೀರುತ್ತದೆ. ಬಿಸಿಲಿನ ಬಲದಿಂದ ಎಲೆಯು ಅದನ್ನು ಪ್ರೋಟೀನಿಗೆ ಬೇಕಾದ ರೂಪಕ್ಕೆ ತಿರುಗಿಸುತ್ತದೆ. ಬೆಳಕು ಸಾಲದಾದಾಗ ಬೇರು ಹೀರುತ್ತಲೇ ಇದ್ದರೆ ನೈಟ್ರೇಟು ಎಲೆಯಲ್ಲೇ ಉಳಿಯುತ್ತದೆ. ಅಂತಹ ಸೊಪ್ಪು ನೋಡಲು ಸೊಂಪಾಗಿಯೇ ಇರುತ್ತದೆ! ನೈಟ್ರೇಟಿನಿಂದ ಹುಟ್ಟುವ ನೈಟ್ರೈಟು ಹಸುಗೂಸುಗಳ ರಕ್ತದಲ್ಲಿ ಆಮ್ಲಜನಕವನ್ನು ಹೊರುವ ಶಕ್ತಿಯನ್ನು ಕುಂದಿಸಬಲ್ಲದು. ಐರೋಪ್ಯ ಒಕ್ಕೂಟವು 1997ರಲ್ಲಿ ಲೆಟ್ಯೂಸ್ ಮತ್ತು ಪಾಲಕಿನಲ್ಲಿ ಇರಬಹುದಾದ ನೈಟ್ರೇಟಿಗೆ ಮಿತಿಯನ್ನು ಗೊತ್ತುಪಡಿಸಿತು. ಬೆಳಕು ಕಡಿಮೆಯಿರುವ ಚಳಿಗಾಲದ ಲೆಟ್ಯೂಸಿಗೆ ಅದು ಹೆಚ್ಚಿನ ಮಿತಿಯನ್ನು ಕೊಡಬೇಕಾಯಿತೆಂಬುದು ಗಮನಾರ್ಹ.

ಮಣ್ಣಿನಲ್ಲಿ ಬೆಳೆದ ಸೊಪ್ಪಿಗೂ ಈ ದೋಷ ತಪ್ಪಿದ್ದಲ್ಲ. ಆದರೆ ಹೊಲಕ್ಕೆ ಹಾಕಿದ ಗೊಬ್ಬರವನ್ನು ಹಿಂದಕ್ಕೆ ತೆಗೆಯಲಾಗದು. ತೊಟ್ಟಿಯ ದ್ರಾವಣವನ್ನು ಒಂದು ಗಳಿಗೆಯಲ್ಲಿ ಬದಲಿಸಬಹುದು. ಕೊಯ್ಲಿಗೆ ಕೆಲವು ದಿನ ಮೊದಲೇ ನೈಟ್ರೇಟನ್ನು ತಗ್ಗಿಸಿದರೆ, ಗಿಡವು ತಾನು ಕೂಡಿಟ್ಟುದನ್ನು ತಾನೇ ಬಳಸಿಕೊಳ್ಳುತ್ತದೆ. ತೂಕದಲ್ಲಿ ತುಸು ನಷ್ಟವಾಗಬಹುದು. ಬೆಳೆಗಾರನು ತಕ್ಕಡಿಯನ್ನು ನೋಡುವನೋ ತಿನ್ನುವವರನ್ನು ನೋಡುವನೋ ಎಂಬುದು ಆ ಕೆಲವು ದಿನಗಳಲ್ಲಿ ತಿಳಿಯುತ್ತದೆ.