ಉಡುಗೆಯ ಬಣ್ಣ ಮತ್ತು ಅದರ ಸಂಕೇತ

ಉಡುಗೆಯು ಮೈ ಮುಚ್ಚುವ ಸಾಧನ ಮಾತ್ರವಲ್ಲ. ಉಟ್ಟವರ ಸ್ಥಿತಿಯನ್ನು ಕಂಡವರಿಗೆ ತಿಳಿಸುವ ಭಾಷೆಯೂ ಅಹುದು. ಹಸಿರು ಸಮೃದ್ಧಿ, ಕೆಂಪು ಸೌಭಾಗ್ಯ, ಕಾವಿ ವೈರಾಗ್ಯ, ಕಪ್ಪು ಅಶುಭ ಎಂದು ರೂಢಿಯು ಹೇಳುತ್ತದೆ. ಈ ಅರ್ಥಗಳು ಬಣ್ಣದ ಸಹಜಗುಣಗಳೋ, ಜನರು ಆರೋಪಿಸಿದವುಗಳೋ ಎಂಬುದು ವಿಚಾರಣೀಯವಾದುದು.

ಉತ್ತರ ಕರ್ನಾಟಕದ ಇಳಕಲ್ ಸೀರೆಯನ್ನೇ ನೋಡಬಹುದು. ಒಡಲು ಯಾವ ಬಣ್ಣದ್ದಿದ್ದರೂ ಅದರ ಸಾಂಪ್ರದಾಯಿಕ ತೋಪುತೆನೆ ಸೆರಗು ಕೆಂಪು. ಅದರಲ್ಲಿ ಬಿಳಿಯ ವಿನ್ಯಾಸ. ಒಡಲಿನ ಹಾಸುನೂಲಿಗೆ ಸೆರಗಿನ ಹಾಸುನೂಲನ್ನು ಕೊಂಡಿ ಹಾಕಿ ಜೋಡಿಸುವುದು ಈ ನೇಯ್ಗೆಯ ವೈಶಿಷ್ಟ್ಯ. ಕುಬಸದ ದಿನ ಗರ್ಭಿಣಿಗೆ ಹಸಿರು ಸೀರೆ, ಹಸಿರು ಬಳೆ. ಬೆಳೆಯುವ ಪೈರಿಗೂ ಬಸಿರಿಗೂ ಇರುವ ಸಾಮ್ಯವೇ ಇಲ್ಲಿಯ ಭಾವ.

ಇನ್ನು ಕಪ್ಪು. ಅಶುಭವೆನಿಸಿದ ಇದೇ ಬಣ್ಣದ ಚಂದ್ರಕಾಳಿ ಸೀರೆಯು ಕಸೂತಿಯಿಂದ ಅಲಂಕೃತವಾಗಿ ಮದುಮಗಳಿಗೆ ಸಲ್ಲುತ್ತಿತ್ತು. ಮಕರಸಂಕ್ರಮಣದಲ್ಲಿಯೂ ಕರಿಸೀರೆಗೆ ಮನ್ನಣೆಯುಂಟು. ಕೆಂಪು ಮುತ್ತೈದೆಯ ಕುಂಕುಮದ ಬಣ್ಣ. ಆದರೆ ಕೇಶಮುಂಡನಕ್ಕೆ ಗುರಿಯಾದ ಬ್ರಾಹ್ಮಣ ವಿಧವೆಯರು ಹಿಂದೆ ಉಡುತ್ತಿದ್ದುದೂ ಕೆಂಪು ಸೀರೆಯನ್ನೇ. ಹೊರನಾಡುಗಳಲ್ಲಿಯೂ ಹೀಗೆಯೇ. ಕೊರಿಯಾ ದೇಶದ ಸಂಪ್ರದಾಯದಲ್ಲಿ ಪಂಚವರ್ಣಗಳು ದಿಕ್ಕುಗಳನ್ನು ಸೂಚಿಸುತ್ತವೆ: ನೀಲಿ ಪೂರ್ವ, ಬಿಳಿ ಪಶ್ಚಿಮ, ಕೆಂಪು ದಕ್ಷಿಣ, ಕಪ್ಪು ಉತ್ತರ, ಹಳದಿ ಮಧ್ಯ. ಅಲ್ಲಿಯ ಜನಸಾಮಾನ್ಯರಿಗೆ ಬಿಳಿಯು ಶೋಕದ ಉಡುಗೆಯಾಗಿದ್ದಂತೆ ನಿತ್ಯದ ಉಡುಗೆಯೂ ಆಗಿತ್ತು. ಆದುದರಿಂದ ಬಣ್ಣಕ್ಕೆ ಅರ್ಥ ಕೊಟ್ಟವರು ಮನುಷ್ಯರೇ ಎಂಬುದು ಸ್ಪಷ್ಟ.

ಹೀಗಿರುವಾಗ, ಗಂಡನನ್ನು ಕಳೆದುಕೊಂಡವಳಿಗೆ ಹಸಿರು ಬಳೆ, ಕುಂಕುಮ, ಬಣ್ಣದ ಸೀರೆಗಳನ್ನು ನಿಷೇಧಿಸುವುದು ಯಾವ ನ್ಯಾಯ? ಹನ್ನೆರಡನೆಯ ಶತಮಾನದ ಶರಣರು ಪಂಚಸೂತಕಗಳನ್ನು ನಿರಾಕರಿಸಿದರು. ಮರಣದ ಸೂತಕವೇ ಇಲ್ಲವೆಂದ ಮೇಲೆ ಆ ಮರಣದಿಂದ ಹೆಂಡತಿ ಅಮಂಗಳೆಯಾಗುವುದೆಂತು? ವಿಧವೆಯ ಮರುಮದುವೆಗೆ ಈ ಸೀಮೆಯಲ್ಲಿ ‘ಉಡಿಕೆ’ ಎಂಬ ಹೆಸರುಂಟು. ‘ಉಡು’ ಧಾತುವಿನಿಂದ ಬಂದ ಈ ಶಬ್ದದಲ್ಲಿಯೇ ಹೊಸ ಸೀರೆಯ ಅರ್ಥ ಅಡಗಿದೆ.

ಮುನವಳ್ಳಿಗೆ ಸಮೀಪದ ಸವದತ್ತಿಯ ಯಲ್ಲಮ್ಮನ ಗುಡ್ಡದಲ್ಲಿ ಮಾರ್ಗಶಿರದ ಹೊಸ್ತಿಲ ಹುಣ್ಣಿಮೆಯಂದು ದೇವಿಯ ವೈಧವ್ಯದ ಸೂಚಕವಾಗಿ ಬಳೆ ಒಡೆಯುವ ಆಚರಣೆಯಿದೆ. ಮಾಘದ ಭಾರತ ಹುಣ್ಣಿಮೆಗೆ ದೇವಿ ಮರಳಿ ಮುತ್ತೈದೆ, ಭಕ್ತೆಯರ ಕೈಗೆ ಮರಳಿ ಹಸಿರು ಬಳೆ. ದೇವಿಗೆ ಎರಡೇ ತಿಂಗಳಲ್ಲಿ ಮರಳಿ ಬರುವ ಬಣ್ಣವು ಮನೆಯ ಮಗಳಿಗೆ ಜೀವಮಾನವಿಡೀ ಬಾರದಿರುವುದು ಉಚಿತವಲ್ಲ. ವಿದ್ಯಾರ್ಥಿಗಳು ಸಂಕೇತಗಳ ಅರ್ಥವನ್ನು ಕಲಿಯುವುದರೊಡನೆ, ಅವು ಯಾರ ಪಾಲಿನ ಸಂತೋಷವನ್ನು ಕಸಿಯುತ್ತಿವೆ ಎಂಬುದನ್ನೂ ವಿಚಾರಿಸತಕ್ಕದ್ದು.